‘ಹೊಡೆದ್ರಾ?’ ಅಂತ ಕೇಳುವ ಮೊದಲು

ಹಾಲು ನೀರಿಗಿಂತ ದೊಡ್ಡದಾ? ಕೆಂಪು ಬಣ್ಣ ಹಳದಿಗಿಂತ ಭಾರವಾ?

ಅರ್ಥವೇ ಇಲ್ಲದ ಈ ಪ್ರಶ್ನೆಗಳನ್ನು ಮಾರ್ಟಿನ್ ಹ್ಯೂಸ್ ಮತ್ತು ರಾಬರ್ಟ್ ಗ್ರೀವ್ ಎಂಬ ಸಂಶೋಧಕರು 5 ಮತ್ತು 7 ವರ್ಷದ ಮಕ್ಕಳಿಗೆ ಗಂಭೀರವಾಗಿಯೇ ಕೇಳಿದರು. ಅವರ ವರದಿ ಬಂದದ್ದು 1980ರಲ್ಲಿ. ಮಕ್ಕಳು ತಬ್ಬಿಬ್ಬಾಗಲಿಲ್ಲ. ಹೆಚ್ಚುಕಡಿಮೆ ಎಲ್ಲರೂ ಉತ್ತರ ಕೊಟ್ಟರು, ಕಾರಣವನ್ನೂ ಕೊಟ್ಟರು. ಹಾಲೇ ದೊಡ್ಡದು, ಯಾಕಂದರೆ ಅದಕ್ಕೆ ಬಣ್ಣ ಇದೆ ಎಂದಿತು ಒಂದು ಮಗು. ದೊಡ್ಡವರು ಕೇಳಿದ್ದಾರೆ ಅಂದಮೇಲೆ ಅದಕ್ಕೊಂದು ಉತ್ತರ ಇದ್ದೇ ಇರುತ್ತದೆ, ಅದನ್ನು ಹುಡುಕಿಕೊಡುವುದು ತನ್ನ ಕೆಲಸ ಎಂದು ಮಗು ನಂಬಿರುತ್ತದೆ. ಮನೆಯಲ್ಲೂ ಶಾಲೆಯಲ್ಲೂ ನಾವು ಕಲಿಸಿರುವುದು ಅದನ್ನೇ. ‘ಇದು ಯಾವ ಬಣ್ಣ ಪುಟ್ಟಾ?’ ಎಂದು ಕೇಳುವಾಗ ನಮಗೆ ಬಣ್ಣ ಗೊತ್ತಿರುತ್ತದೆ. ನಮಗೆ ಗೊತ್ತಿರುತ್ತದೆ ಎನ್ನುವುದು ಮಗುವಿಗೂ ಗೊತ್ತಿರುತ್ತದೆ.

ಇದೇ ಮಗು ಒಂದು ದಿನ ಶಾಲೆಯಿಂದ ತೋಳಿನ ಮೇಲೆ ಬಾಸುಂಡೆ ಹೊತ್ತು ಬಂತು ಅನ್ನಿ. ಅಮ್ಮನ ಬಾಯಿಂದ ಬರುವ ಮೊದಲ ಮಾತು ಸಾಮಾನ್ಯವಾಗಿ ‘ಮಿಸ್ ಹೊಡೆದ್ರಾ?’ ಮಗು ತಲೆಯಾಡಿಸುತ್ತದೆ. ಆ ತಲೆಯಾಡಿಕೆ ಹಾಲು-ನೀರಿನ ಉತ್ತರದಂಥದ್ದೋ, ನಿಜವಾಗಿ ನಡೆದದ್ದರ ನೆನಪೋ? ಹೊರಗಿನಿಂದ ನೋಡಿ ಹೇಳಲಾಗದು. ಮಿಸ್ ನಿಜವಾಗಿಯೂ ಹೊಡೆದಿರಬಹುದು. ಆದರೆ ಆ ಪ್ರಶ್ನೆ ಬಿದ್ದ ಗಳಿಗೆಯಿಂದ ಅದನ್ನು ಖಚಿತಪಡಿಸಿಕೊಳ್ಳುವ ದಾರಿ ಕಿರಿದಾಗುತ್ತದೆ, ಮಗುವಿನ ಪರವಾಗಿ ನಿಲ್ಲುವುದೂ ಕಷ್ಟವಾಗುತ್ತದೆ. ಈ ಬರಹ ಅದರ ಬಗ್ಗೆ: ಮಗು ಏನು ನೆನಪಿಟ್ಟುಕೊಳ್ಳುತ್ತದೆ, ನಮ್ಮ ಪ್ರಶ್ನೆ ಆ ನೆನಪಿಗೆ ಏನು ಮಾಡುತ್ತದೆ, ಹಾಗಾದರೆ ಕೇಳುವುದು ಹೇಗೆ.

ಒಂದು ಮಾತು ಮೊದಲೇ ಹೇಳಿಬಿಡಬೇಕು. ‘ಮಕ್ಕಳ ಮಾತು ನಂಬೋಕಾಗಲ್ಲ’ ಎಂಬ ಹಳೆಯ ತೀರ್ಪನ್ನು ಈ ಸಂಶೋಧನೆ ಬೆಂಬಲಿಸುವುದಿಲ್ಲ. ಸರಿಯಾಗಿ ಕೇಳಿದರೆ 4 ವರ್ಷದ ಮಗುವೂ ನಂಬಬಹುದಾದ ಸಾಕ್ಷಿ. ದೋಷ ಬಹುಪಾಲು ಕೇಳುವವರ ಬಳಿ ಇರುತ್ತದೆ.

ನೆನಪು ಬದಲಾಗುವುದು ಮಕ್ಕಳಲ್ಲಿ ಮಾತ್ರವೇನಲ್ಲ. 1974ರಲ್ಲಿ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ 45 ಕಾಲೇಜು ವಿದ್ಯಾರ್ಥಿಗಳಿಗೆ ಕಾರು ಅಪಘಾತದ ಪುಟ್ಟ ಚಲನಚಿತ್ರಗಳನ್ನು ತೋರಿಸಿ, ಕಾರುಗಳ ವೇಗ ಎಷ್ಟಿತ್ತು ಎಂದು ಕೇಳಿದರು. ಪ್ರಶ್ನೆಯಲ್ಲಿ ಬದಲಾದದ್ದು ಒಂದೇ ಕ್ರಿಯಾಪದ. ಕನ್ನಡದಲ್ಲಾದರೆ ‘ಅಪ್ಪಳಿಸಿದಾಗ’ ಎಂದು ಕೇಳುವುದಕ್ಕೂ ‘ತಾಗಿದಾಗ’ ಎಂದು ಕೇಳುವುದಕ್ಕೂ ಇರುವಷ್ಟು ವ್ಯತ್ಯಾಸ. ಜೋರು ಪದ ಕೇಳಿದವರ ಅಂದಾಜು ಸರಾಸರಿ ಗಂಟೆಗೆ 40.8 ಮೈಲಿ, ಮೆತ್ತಗಿನ ಪದ ಕೇಳಿದವರದ್ದು 31.8 ಮೈಲಿ. ಎರಡನೆಯ ಪ್ರಯೋಗದಲ್ಲಿ ಒಂದು ವಾರ ಬಿಟ್ಟು ‘ಒಡೆದ ಗಾಜು ಕಂಡಿತ್ತಾ?’ ಎಂದು ಕೇಳಿದರು. ಚಿತ್ರದಲ್ಲಿ ಗಾಜು ಒಡೆದೇ ಇರಲಿಲ್ಲ. ‘ಅಪ್ಪಳಿಸಿದಾಗ’ ಎಂಬ ಪ್ರಶ್ನೆ ಕೇಳಿಸಿಕೊಂಡಿದ್ದ 50 ಮಂದಿಯಲ್ಲಿ 16 ಜನ ಹೌದು ಎಂದರು. ವೇಗದ ಪ್ರಶ್ನೆಯನ್ನೇ ಕೇಳಿರದ 50 ಮಂದಿಯಲ್ಲಿ ಹಾಗೆಂದವರು 6. ಒಂದು ವಾರದ ಹಿಂದಿನ ಒಂದು ಪದ ಬೆಳೆದವರ ನೆನಪಿನಲ್ಲೇ ಗಾಜು ಒಡೆಯಿತು.

ಮಕ್ಕಳಲ್ಲಿ ಇದರ ಜೊತೆ ಇನ್ನೆರಡು ತೊಡಕುಗಳಿವೆ. ಒಂದು, ಗೊತ್ತಿರುವ ವಿಷಯ ಎಲ್ಲಿಂದ ಗೊತ್ತಾಯಿತು ಎಂಬುದನ್ನು ಹಿಡಿದಿಟ್ಟುಕೊಳ್ಳುವುದು. ಆಲಿಸನ್ ಗಾಪ್ನಿಕ್ ಮತ್ತು ಪೀಟರ್ ಗ್ರಾಫ್ 1988ರಲ್ಲಿ ಡ್ರಾಯರ್‌ಗಳೊಳಗಿನ ವಸ್ತು ಏನೆಂದು ಮಕ್ಕಳಿಗೆ ಮೂರು ರೀತಿಯಲ್ಲಿ ತಿಳಿಸಿದರು: ಕಣ್ಣಾರೆ ತೋರಿಸಿ, ಬಾಯಲ್ಲಿ ಹೇಳಿ, ಇಲ್ಲವೇ ಸುಳಿವು ಕೊಟ್ಟು. ಆಮೇಲೆ ‘ನಿನಗೆ ಹೇಗೆ ಗೊತ್ತಾಯ್ತು?’ ಎಂದು ಕೇಳಿದರೆ 3 ವರ್ಷದವರು ತುಂಬಾ ತಪ್ಪುತ್ತಿದ್ದರು. 5 ವರ್ಷದವರು ಬಹುಮಟ್ಟಿಗೆ ಸರಿಯಾಗಿ ಹೇಳುತ್ತಿದ್ದರು. ಒಳಗೆ ಏನಿದೆ ಎಂಬುದು ನೆನಪಿದೆ, ನೋಡಿದ್ದೋ ಕೇಳಿದ್ದೋ ಎಂಬುದು ಅಳಿಸಿಹೋಗಿದೆ. ಅಮ್ಮ, ಅಜ್ಜಿ, ಪಕ್ಕದ ಮನೆಯವರು ಎಲ್ಲ ಸೇರಿ ಮಗುವಿನ ಎದುರಿನಲ್ಲೇ ಘಟನೆಯ ಚರ್ಚೆ ಮಾಡುವಾಗ ಇದನ್ನು ಮರೆಯಬಾರದು.

ಕನ್ನಡಕ್ಕೆ ಈ ವಿಷಯದಲ್ಲಿ ಒಂದು ಸೊಗಸಾದ ಉಪಕರಣವಿದೆ: ‘ಅಂತೆ’. ‘ಹೊಡೆದ್ರು’ ಎಂದರೆ ಕಂಡದ್ದು, ‘ಹೊಡೆದ್ರಂತೆ’ ಎಂದರೆ ಕೇಳಿದ್ದು. ಮಗು ‘ಅಂತೆ’ ಎಂದರೆ ಅದನ್ನು ತಪ್ಪದೆ ಹಿಡಿದುಕೊಳ್ಳಬೇಕು. ಆದರೆ ದೊಡ್ಡವರು ಅದನ್ನು ಬೇರೆಯವರಿಗೆ ಹೇಳುವಾಗ, ಬರೆದುಕೊಳ್ಳುವಾಗ ಮೊದಲು ಉದುರಿಸುವುದೇ ಈ ಎರಡಕ್ಷರ. ತಿರುಗುಮುರುಗಾಗಿ, ಮಗು ‘ಅಂತೆ’ ಹಚ್ಚಲಿಲ್ಲ ಎಂದಮಾತ್ರಕ್ಕೆ ಅದು ಕಣ್ಣಾರೆ ಕಂಡಿದೆ ಎಂದೂ ಹೇಳಲಾಗದು. ಟರ್ಕಿಶ್ ಭಾಷೆಯಲ್ಲೂ ಇಂಥದ್ದೇ ಪ್ರತ್ಯಯವಿದೆ. ಅಲ್ಲಿಯ ಮಕ್ಕಳು ಅದನ್ನು ಮಾತಿನಲ್ಲಿ ಬಳಸಲು ಬೇಗ ಕಲಿತರೂ ಬೇರೆಯವರು ಬಳಸಿದಾಗ ಅದರ ತೂಕ ಪೂರ್ತಿ ಅರಿಯುವುದಕ್ಕೆ ವರ್ಷಗಳೇ ಹಿಡಿಯುತ್ತವೆ ಎಂದು ಅಧ್ಯಯನಗಳು ತೋರಿಸಿವೆ.

ಎರಡನೆಯ ತೊಡಕು ಭಾಷೆಯದ್ದು. ಗೇಬ್ರಿಯಲ್ ಸಿಮ್‌ಕಾಕ್ ಮತ್ತು ಹಾರ್ಲೀನ್ ಹೇನ್ 2002ರಲ್ಲಿ ಪ್ರಕಟಿಸಿದ ಕೆಲಸ ನನಗೆ ಬಹಳ ಇಷ್ಟ. 27ರಿಂದ 39 ತಿಂಗಳ ಮಕ್ಕಳಿಗೆ ಒಂದು ಮಾಯಾಯಂತ್ರ ತೋರಿಸಿದರು: ದೊಡ್ಡ ಆಟಿಕೆ ಒಳಗೆ ಹಾಕಿ ಹಿಡಿ ತಿರುಗಿಸಿದರೆ ಅದೇ ಆಟಿಕೆ ಚಿಕ್ಕದಾಗಿ ಹೊರಬರುತ್ತದೆ. 6 ತಿಂಗಳು ಅಥವಾ 1 ವರ್ಷದ ನಂತರ ಅದೇ ಮಕ್ಕಳು ಯಂತ್ರವನ್ನು ಹೇಗೆ ನಡೆಸಬೇಕೆಂದು ಕೈಯಿಂದ ಮಾಡಿ ತೋರಿಸಬಲ್ಲವರಾಗಿದ್ದರು, ಚಿತ್ರಗಳಲ್ಲಿ ಗುರುತಿಸಬಲ್ಲವರಾಗಿದ್ದರು. ಬಾಯಲ್ಲಿ ಹೇಳಿ ಎಂದರೆ ಮಾತ್ರ, ಘಟನೆ ನಡೆದ ದಿನ ಅವರ ಬಳಿ ಇರದಿದ್ದ ಒಂದು ಪದವೂ ಹೊರಬರಲಿಲ್ಲ. ಆ ಪದಗಳನ್ನು ಅವರು ಈ ನಡುವೆ ಕಲಿತಾಗಿತ್ತು. ಹಳೆಯ ನೆನಪಿಗೆ ಹೊಸ ಮಾತು ತೊಡಿಸಲು ಅವರಿಗಾಗಲಿಲ್ಲ, ಅಷ್ಟೇ. ಹಾಗಾಗಿ ಎರಡು ವರ್ಷದಲ್ಲಿ ನಡೆದದ್ದನ್ನು ನಾಲ್ಕನೇ ವರ್ಷದಲ್ಲಿ ಮಗು ಸರಾಗವಾಗಿ, ದೊಡ್ಡವರ ಪದಗಳಲ್ಲಿ ವರ್ಣಿಸಿದರೆ ಆ ಪದಗಳು ಯಾರವು ಎಂದು ಒಮ್ಮೆ ಯೋಚಿಸಬೇಕಾಗುತ್ತದೆ.

ಇನ್ನು ಪ್ರಶ್ನೆಗಳ ಪ್ರಭಾವಕ್ಕೆ ಬರೋಣ. ಮಿಷೆಲ್ ಲೈಕ್ಟ್‌ಮನ್ ಮತ್ತು ಸ್ಟೀಫನ್ ಸೆಸಿ 1995ರಲ್ಲಿ ಪ್ರಕಟಿಸಿದ ‘ಸ್ಯಾಮ್ ಸ್ಟೋನ್’ ಪ್ರಯೋಗವನ್ನು ವಿವರವಾಗಿಯೇ ಹೇಳಬೇಕು. 3ರಿಂದ 6 ವರ್ಷದ 176 ಮಕ್ಕಳು. ಸ್ಯಾಮ್ ಸ್ಟೋನ್ ಎಂಬ ಹೆಸರಿನಲ್ಲಿ ಒಬ್ಬ ವ್ಯಕ್ತಿ ಅವರ ಶಿಶುವಿಹಾರಕ್ಕೆ ಬಂದು ಎರಡು ನಿಮಿಷ ಇದ್ದು ಹೋದ. ಹಲೋ ಹೇಳಿದ, ಕೋಣೆಯಲ್ಲಿ ಒಂದು ಸುತ್ತು ಹಾಕಿದ, ಕೈಬೀಸಿ ಹೊರಟ. ಏನನ್ನೂ ಮುಟ್ಟಲಿಲ್ಲ. ಮರುದಿನ ಮಕ್ಕಳಿಗೆ ಹರಿದ ಪುಸ್ತಕವನ್ನೂ ಕೊಳೆಯಾದ ಟೆಡ್ಡಿಯನ್ನೂ ತೋರಿಸಲಾಯಿತು.

ಒಂದು ಗುಂಪಿನ ಮಕ್ಕಳಿಗೆ ಅವನು ಬರುವ ಮೊದಲೂ ಏನೂ ಹೇಳಿರಲಿಲ್ಲ, ಬಂದುಹೋದ ಮೇಲೂ ಸುಮ್ಮನೆ ಏನಾಯಿತೆಂದಷ್ಟೇ ಕೇಳುತ್ತಿದ್ದರು. ಇನ್ನೊಂದು ಗುಂಪಿಗೆ ಅವನು ಬರುವ ಮೊದಲೇ ವಾರಗಟ್ಟಲೆ ಕಥೆಗಳು: ಸ್ಯಾಮ್ ಒಳ್ಳೆಯವನೇ, ಆದರೆ ಏನು ಮುಟ್ಟಿದರೂ ಮುರಿದುಹಾಕುತ್ತಾನೆ. ಮೂರನೆಯ ಗುಂಪಿಗೆ ಬಂದುಹೋದ ನಂತರ ಹತ್ತು ವಾರಗಳಲ್ಲಿ ನಾಲ್ಕು ಸಲ ‘ಸ್ಯಾಮ್ ಪುಸ್ತಕ ಹರಿದಾಗ ಕೋಪದಲ್ಲಿದ್ದನಾ, ತಮಾಷೆಗೆ ಹರಿದನಾ?’ ಎಂಬಂಥ ಪ್ರಶ್ನೆಗಳು. ನಾಲ್ಕನೆಯ ಗುಂಪಿಗೆ ಎರಡೂ. ಕೊನೆಗೆ ಹೊಸ ವ್ಯಕ್ತಿಯೊಬ್ಬರು ಬಂದು ವಿಚಾರಿಸಿದರು. ಮೊದಲ ಗುಂಪಿನ ಕಿರಿಯ ಮಕ್ಕಳಲ್ಲಿ ಸ್ಯಾಮ್ ಏನೋ ಹಾಳುಮಾಡಿದ ಎಂದವರು ಶೇ. 10, ಕಣ್ಣಾರೆ ಕಂಡೆ ಎಂದವರು ಶೇ. 5, ‘ನಿಜವಾಗ್ಲೂ?’ ಎಂದು ಮೆಲ್ಲಗೆ ಕೇಳಿದಾಗಲೂ ಪಟ್ಟು ಬಿಡದವರು ಶೇ. 2.5. ಎರಡೂ ಸೇರಿದ ಗುಂಪಿನ ಕಿರಿಯರಲ್ಲಿ ಇದೇ ಅಂಕಿಗಳು ಶೇ. 72, ಶೇ. 44, ಶೇ. 21.

ಈ ಅಂಕಿಗಳಿಗಿಂತ ನನ್ನನ್ನು ಹೆಚ್ಚು ಕಾಡಿದ್ದು ಅದರ ಮುಂದಿನ ಭಾಗ. ಈ ಮಕ್ಕಳ ವಿಡಿಯೊಗಳನ್ನು ಮಕ್ಕಳ ಸಾಕ್ಷ್ಯದ ಕ್ಷೇತ್ರದಲ್ಲೇ ಕೆಲಸ ಮಾಡುವ ಸಂಶೋಧಕರಿಗೂ ಚಿಕಿತ್ಸಕರಿಗೂ ತೋರಿಸಿ, ಯಾವ ಮಗುವಿನ ಮಾತು ನಿಜ ಎಂದು ಕೇಳಲಾಯಿತು. ಅವರು ಬಹುಮಟ್ಟಿಗೆ ಸೋತರು. ಎಲ್ಲಕ್ಕಿಂತ ಸುಳ್ಳಾಗಿದ್ದ ಹೇಳಿಕೆಗಳೇ ಹೆಚ್ಚು ನಂಬುವಂತೆ ಕಂಡವು. ಆ ಮಕ್ಕಳು ಸುಳ್ಳು ಹೇಳುತ್ತಿರಲಿಲ್ಲ. ತಾವು ನಂಬಿದ್ದನ್ನೇ ಕೈಬಾಯಿ ತಿರುಗಿಸಿ, ವಿವರ ಸೇರಿಸಿ ಹೇಳುತ್ತಿದ್ದರು. ‘ಮಗುವಿನ ಮುಖ ನೋಡಿದರೆ ಗೊತ್ತಾಗುತ್ತದೆ’ ಎನ್ನುವ ನಮ್ಮ ಆತ್ಮವಿಶ್ವಾಸಕ್ಕೆ ಆಧಾರ ಸಿಗಲಿಲ್ಲ.

ಇದು ಪ್ರಯೋಗಾಲಯದ ಆಟ ಮಾತ್ರವಾಗಿದ್ದರೆ ಇಷ್ಟು ಹೇಳಬೇಕಿರಲಿಲ್ಲ. 1983ರಲ್ಲಿ ಕ್ಯಾಲಿಫೋರ್ನಿಯಾದ ಮ್ಯಾನ್‌ಹ್ಯಾಟನ್ ಬೀಚ್‌ನಲ್ಲಿ ಮೆಕ್‌ಮಾರ್ಟಿನ್ ಶಿಶುವಿಹಾರದ ಮೇಲೆ ಲೈಂಗಿಕ ದೌರ್ಜನ್ಯದ ಆರೋಪ ಬಂತು. ಪೊಲೀಸರು ಸುಮಾರು 200 ಕುಟುಂಬಗಳಿಗೆ ಪತ್ರ ಬರೆದರು. ಅದರಲ್ಲಿ ಶಂಕಿತನ ಹೆಸರಿತ್ತು, ಏನೇನು ನಡೆದಿರಬಹುದೆಂಬ ಪಟ್ಟಿಯಿತ್ತು, ನಿಮ್ಮ ಮಗುವನ್ನು ಕೇಳಿ ನೋಡಿ ಎಂಬ ಕೋರಿಕೆಯೂ ಇತ್ತು. ಅಂದರೆ ತರಬೇತಿ ಪಡೆದ ಯಾರೊಬ್ಬರೂ ಮಕ್ಕಳ ಜೊತೆ ಮಾತಾಡುವ ಮೊದಲೇ ಗಾಬರಿಗೊಂಡ ನೂರಾರು ಅಪ್ಪ-ಅಮ್ಮಂದಿರು ಉತ್ತರದ ಪಟ್ಟಿ ಕೈಯಲ್ಲಿ ಹಿಡಿದು ವಿಚಾರಣೆ ಮುಗಿಸಿದ್ದರು. ಆಮೇಲೆ ಸುಮಾರು 400 ಮಕ್ಕಳ ಸಂದರ್ಶನವಾಯಿತು. ವಿಚಾರಣೆ 1990ರವರೆಗೂ ನಡೆದು ಒಬ್ಬರಿಗೂ ಶಿಕ್ಷೆಯಾಗಲಿಲ್ಲ. ಅಲ್ಲಿ ನಿಜವಾಗಿ ಒಂದು ಮಗುವಿಗೆ ಹಿಂಸೆಯಾಗಿದ್ದಿದ್ದರೂ ಅದನ್ನು ಬೇರ್ಪಡಿಸಿ ತೋರಿಸುವ ದಾರಿ ಉಳಿದಿರಲಿಲ್ಲ ಎನ್ನುವುದು ನನ್ನ ಮಟ್ಟಿಗೆ ಈ ಪ್ರಕರಣದ ಅತಿದೊಡ್ಡ ನಷ್ಟ.

ಆ ಸಂದರ್ಶನಗಳ ಲಿಖಿತ ದಾಖಲೆಗಳು ಉಳಿದಿದ್ದವು. ಸೆನಾ ಗಾರ್ವೆನ್ ಮತ್ತು ಸಂಗಡಿಗರು ಅವುಗಳಿಂದ ಪ್ರಶ್ನಿಸುವ ತಂತ್ರಗಳನ್ನು ಹೆಕ್ಕಿ 1998ರಲ್ಲಿ ಪರೀಕ್ಷಿಸಿದರು. ಶಿಶುವಿಹಾರಕ್ಕೆ ಒಬ್ಬ ಯುವಕ ಬಂದು ಮಕ್ಕಳಿಗೆ ಕಥೆ ಓದಿ ಹೋದ. ಒಂದು ವಾರದ ಬಳಿಕ 3ರಿಂದ 6 ವರ್ಷದ 66 ಮಕ್ಕಳನ್ನು, ಅವನು ಮಾಡದೇ ಇದ್ದದ್ದರ ಬಗ್ಗೆ ಕೇಳಿದರು: ಕ್ರೇಯಾನ್ ಎಸೆದನಾ, ಕೆಟ್ಟ ಮಾತು ಆಡಿದನಾ. ಬರೀ ಸೂಚಿಸುವ ಪ್ರಶ್ನೆ ಕೇಳಿದಾಗ ಶೇ. 17ರಷ್ಟು ತಪ್ಪು ‘ಹೌದು’ಗಳು ಬಂದವು. ಮೆಕ್‌ಮಾರ್ಟಿನ್ ತಂತ್ರಗಳನ್ನು ಸೇರಿಸಿದಾಗ ಶೇ. 58. ಆ ಸಂದರ್ಶನ ನಡೆದದ್ದು ಐದು ನಿಮಿಷವೂ ಇಲ್ಲ.

ಆ ತಂತ್ರಗಳು ನಮಗೆ ಹೊಸವೇನಲ್ಲ, ಅದೇ ನೋವಿನ ಸಂಗತಿ. ‘ಬೇರೆ ಮಕ್ಕಳೆಲ್ಲ ಹೇಳಿದ್ದಾರೆ, ನೀನೂ ಹೇಳು.’ ಬೇಕಾದ ಉತ್ತರ ಬಂದ ತಕ್ಷಣ ‘ಜಾಣ ಮರಿ!’ ಬೇಡದ ಉತ್ತರಕ್ಕೆ ಸಪ್ಪೆ ಮುಖ. ‘ಇಲ್ಲ’ ಎಂದ ಮೇಲೂ ‘ಇನ್ನೊಂದ್ಸಲ ಯೋಚನೆ ಮಾಡಿ ಹೇಳು’. ‘ಏನಾಗಿರಬಹುದು ಅಂತ ಸುಮ್ನೆ ಊಹೆ ಮಾಡು ನೋಡೋಣ.’ ಇದರಲ್ಲಿ ಒಂದನ್ನಾದರೂ ಬಳಸದ ಮನೆ, ತರಗತಿ ನಮ್ಮಲ್ಲಿ ಇದೆಯೇ?

ಮತ್ತೆ ಮತ್ತೆ ಕೇಳುವುದರ ಅಪಾಯ ಸ್ವಿಸ್ ಮನೋವಿಜ್ಞಾನಿ ಪಿಯಾಜೆಯ ಹೆಸರಾಂತ ಪರೀಕ್ಷೆಯಲ್ಲೂ ಅಡಗಿತ್ತು. ಎರಡು ಸಾಲುಗಳಲ್ಲಿ ಸಮನಾಗಿ ಗುಂಡಿಗಳನ್ನಿಟ್ಟು ‘ಎರಡೂ ಒಂದೇನಾ?’ ಎಂದು ಕೇಳಿ, ಒಂದು ಸಾಲನ್ನು ಅಗಲಿಸಿ ಮತ್ತೆ ಅದನ್ನೇ ಕೇಳಿದರೆ ಮಗು ‘ಇದು ಜಾಸ್ತಿ’ ಎನ್ನುತ್ತದೆ. ಮಗುವಿಗೆ ಸಂಖ್ಯೆಯ ತಿಳಿವಿಲ್ಲ ಎಂದು ಇದನ್ನು ಓದಲಾಗುತ್ತಿತ್ತು. 1984ರಲ್ಲಿ ಜುಡಿತ್ ಸ್ಯಾಮ್ಯುಯೆಲ್ ಮತ್ತು ಪೀಟರ್ ಬ್ರಯಂಟ್ 252 ಮಕ್ಕಳ ಮೇಲೆ ಪರೀಕ್ಷೆ ಮಾಡಿ, ಮೊದಲ ಪ್ರಶ್ನೆ ಬಿಟ್ಟು ಅಗಲಿಸಿದ ಮೇಲೆ ಒಮ್ಮೆ ಮಾತ್ರ ಕೇಳಿದರೆ ತಪ್ಪು ಕಡಿಮೆಯಾಗುತ್ತದೆ ಎಂದು ತೋರಿಸಿದರು. ಒಂದೇ ಪ್ರಶ್ನೆ ಎರಡನೇ ಸಲ ಬಂತೆಂದರೆ ಮೊದಲ ಉತ್ತರ ತಪ್ಪಾಗಿತ್ತು ಎಂದೇ ಮಗು ತಿಳಿಯುತ್ತದೆ. ಪಾಠ ಒಪ್ಪಿಸುವಾಗ ಮೇಷ್ಟ್ರು ‘ಏನು?’ ಎಂದು ಮತ್ತೆ ಕೇಳಿದರೆ ಉತ್ತರ ಬದಲಿಸದ ವಿದ್ಯಾರ್ಥಿ ಅಪರೂಪ.

ಇಲ್ಲಿ ಕೇಳುವವರ ಮನಸ್ಸಿನ ಕಡೆಗೂ ನೋಡಬೇಕು. ವಿಲಿಯಂ ಥಾಂಪ್ಸನ್, ಆಲಿಸನ್ ಕ್ಲಾರ್ಕ್-ಸ್ಟೀವರ್ಟ್ ಮತ್ತು ಸ್ಟೀಫನ್ ಲೆಪೋರ್ 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಸಗುಡಿಸುವವನ ಪಾತ್ರದಲ್ಲಿದ್ದ ಒಬ್ಬಾತ ಮಕ್ಕಳ ಎದುರು ಗೊಂಬೆಗಳನ್ನು ಒರೆಸಿದ, ಇಲ್ಲವೇ ಅವುಗಳ ಜೊತೆ ಒರಟಾಗಿ ಆಡಿದ. ಆಮೇಲೆ ಬಂದ ಕೆಲವು ಸಂದರ್ಶಕರು ಅವನು ತಪ್ಪಿತಸ್ಥ ಎಂಬ ಧಾಟಿಯಲ್ಲಿ, ಕೆಲವರು ನಿರಪರಾಧಿ ಎಂಬ ಧಾಟಿಯಲ್ಲಿ, ಇನ್ನು ಕೆಲವರು ಯಾವ ಕಡೆಗೂ ವಾಲದೆ ಕೇಳಿದರು. ವಾಲದೆ ಕೇಳಿದಾಗ ಮಕ್ಕಳು ನಡೆದದ್ದನ್ನೇ ಹೇಳಿದರು. ವಾಲಿದ ಸಂದರ್ಶನದ ಕೊನೆಗೆ ಹೆಚ್ಚಿನವರು ಸಂದರ್ಶಕರ ತೀರ್ಪನ್ನೇ ಹೇಳುತ್ತಿದ್ದರು. ನಂತರ ಅಪ್ಪ-ಅಮ್ಮ ಕೇಳಿದಾಗಲೂ ಅದೇ ಕಥೆ. ನಿರಪರಾಧಿ ಎಂಬ ಧಾಟಿಯೂ ಅಷ್ಟೇ ಕೆಲಸ ಮಾಡಿತು ಎನ್ನುವುದನ್ನು ಗಮನಿಸಬೇಕು. ‘ಮಾಮ ಹಾಗೆಲ್ಲ ಮಾಡಲ್ಲ ಕಂದಾ, ನೀನೇ ತಪ್ಪು ತಿಳ್ಕೊಂಡಿರ್ತೀಯ’ ಎಂಬ ಮನೆಮಾತು ನಿಜವಾಗಿ ನಡೆದದ್ದನ್ನೂ ಅಳಿಸಬಲ್ಲದು. ನಮ್ಮ ಕುಟುಂಬಗಳಲ್ಲಿ ಮರ್ಯಾದೆಗೆ ಅಂಜಿ ಈ ಎರಡನೆಯದ್ದೇ ಹೆಚ್ಚು ನಡೆಯುತ್ತದೆಂದು ನಾನು ನಂಬುತ್ತೇನೆ.

ಕನ್ನಡದಲ್ಲಿ ಕೇಳುವಾಗ

ಕನ್ನಡದಲ್ಲಿ ಹೌದು-ಇಲ್ಲ ಪ್ರಶ್ನೆ ಮಾಡುವುದು ತುಂಬಾ ಸಲೀಸು. ಯಾವ ಮಾತಿನ ಬಾಲಕ್ಕೂ ಒಂದು ‘ಆ’ ಅಂಟಿಸಿದರಾಯಿತು: ಬಂದ್ರಾ, ಮುಟ್ಟಿದ್ರಾ, ಬೈದ್ರಾ. ‘ಅಲ್ವಾ’, ‘ತಾನೇ’ ಹಚ್ಚಿದರೆ ಪ್ರಶ್ನೆ ಹೋಗಿ ಒತ್ತಾಯವಾಗುತ್ತದೆ. ಇವಕ್ಕಿಂತ ಕಣ್ಣಿಗೆ ಬೀಳದ ಅಪಾಯ ‘-ಆಗ’ ಪ್ರತ್ಯಯದಲ್ಲಿದೆ. ‘ಮಿಸ್ ಹೊಡೆದಾಗ ನೀನು ಅತ್ತೆಯಾ?’ ಎಂಬ ಪ್ರಶ್ನೆಗೆ ಹೌದು ಎಂದರೂ ಇಲ್ಲ ಎಂದರೂ ಹೊಡೆದದ್ದನ್ನು ಒಪ್ಪಿದಂತಾಯಿತು. ಸ್ಯಾಮ್ ಸ್ಟೋನ್ ಪ್ರಶ್ನೆಗಳು ಇದೇ ಅಚ್ಚಿನವು.

ಕರ್ತೃಪದ ಬಿಡುವುದು ನಮ್ಮ ಮಾತಿನ ಸಹಜ ಗುಣ. ಮಗು ‘ಹೊಡೆದ್ರು’ ಅನ್ನುತ್ತದೆ. ಯಾರು? ಒಬ್ಬರೋ, ನಾಲ್ಕು ಜನರೋ? ಗೌರವದ ಬಹುವಚನಕ್ಕೂ ನಿಜವಾದ ಬಹುವಚನಕ್ಕೂ ರೂಪ ಒಂದೇ. ಆ ಖಾಲಿ ಜಾಗವನ್ನು ನಾವು ನಮ್ಮ ಅನುಮಾನದಲ್ಲಿರುವವರಿಂದ ತುಂಬಿಸುತ್ತೇವೆ, ಅದೂ ತುಂಬಿಸಿದ್ದು ನಮಗೇ ಗೊತ್ತಾಗದ ಹಾಗೆ. ‘ಮಾಮ’, ‘ಅಂಕಲ್’, ‘ಅಣ್ಣ’, ‘ತಾತ’ ಕೂಡ ಹೀಗೆಯೇ: ತಾಯಿಯ ತಮ್ಮನೂ ಮಾಮ, ವ್ಯಾನ್ ಓಡಿಸುವವರೂ ಮಾಮ, ಅಂಗಡಿಯವರೂ ಮಾಮ. ‘ಯಾವ ಮಾಮ?’ ಎಂದು ಕೇಳಿ ನಿಲ್ಲಿಸಬೇಕು, ‘ಸುರೇಶ ಮಾಮಾನಾ?’ ಎಂದು ಹೆಸರು ಎತ್ತಿಕೊಡಬಾರದು. ‘ನಿನ್ನೆ’, ‘ಮೊನ್ನೆ’ ಎಂದರೆ ಪುಟ್ಟ ಮಕ್ಕಳಿಗೆ ಕಳೆದುಹೋದ ಯಾವ ದಿನವೂ ಆಗಬಹುದು. ದಿನ ತಿಳಿಯಬೇಕಿದ್ದರೆ ಅದನ್ನು ಮಗುವಿಗೆ ಗೊತ್ತಿರುವ ಸಂಗತಿಗೆ ಕಟ್ಟಬೇಕು: ಅವತ್ತು ಏನು ಬಟ್ಟೆ ಹಾಕಿದ್ದೆ, ಊಟ ಆಗಿತ್ತೋ ಇಲ್ಲವೋ, ಶಾಲೆ ಇತ್ತೋ ರಜೆಯೋ. ‘ಎಷ್ಟು ಸಲ?’ ಎಂದರೆ 5 ವರ್ಷದ ಮಗು ತನಗೆ ಬರುವ ಒಂದು ಸಂಖ್ಯೆ ಹೇಳುತ್ತದೆ. ಮುಂದೆ ಆ ಸಂಖ್ಯೆ ಬದಲಾದಾಗ ‘ಮಗು ಮಾತು ಬದಲಿಸಿತು’ ಎಂದು ವಕೀಲರು ಎತ್ತಿ ಆಡುತ್ತಾರೆ. ‘ಒಂದು ಸಲಾನಾ, ಒಂದಕ್ಕಿಂತ ಜಾಸ್ತಿ ಸಲಾನಾ?’ ಎಂಬಷ್ಟು ಸಾಕು. ಇನ್ನು ‘ಯಾಕೆ?’ ಎನ್ನುವುದು ನಮ್ಮ ಮನೆಗಳಲ್ಲಿ ಬೈಗುಳದ ಪೀಠಿಕೆ. ‘ಯಾಕೆ ಆಗಲೇ ಹೇಳಲಿಲ್ಲ?’ ಎಂದು ಕೇಳಿದ ಕ್ಷಣ ಮಗು ಬಾಯಿ ಮುಚ್ಚುತ್ತದೆ.

ಹಾಗಾದರೆ ಸರಿಯಾದ ಕ್ರಮ ಯಾವುದು? ಮೈಕೆಲ್ ಲ್ಯಾಂಬ್, ಯೇಲ್ ಓರ್ಬಾಕ್, ಐರಿಟ್ ಹರ್ಷ್‌ಕೊವಿಟ್ಜ್ ಮೊದಲಾದವರು ಅಮೆರಿಕದ ಮಕ್ಕಳ ಆರೋಗ್ಯ ಸಂಸ್ಥೆಯಲ್ಲಿ ರೂಪಿಸಿದ, ಎನ್‌ಐಸಿಎಚ್‌ಡಿ ಪ್ರೋಟೋಕಾಲ್ ಎಂದು ಕರೆಯುವ ವಿಧಾನದ ಮೇಲೆ ಹಲವು ದೇಶಗಳಲ್ಲಿ ಪರೀಕ್ಷೆ ನಡೆದಿದೆ. ಅದರ ಎಲುಬು ಹೀಗಿದೆ, ಮಾತು ನಮ್ಮದು.

ಶುರುವಿನಲ್ಲಿ ಆಟದ ನಿಯಮ ಹೇಳಬೇಕು, ಹೇಳಿ ಬಿಡದೆ ಆಡಿಸಿ ನೋಡಬೇಕು. ‘ಗೊತ್ತಿಲ್ಲ ಅಂದ್ರೆ ಗೊತ್ತಿಲ್ಲ ಅನ್ನು. ನಮ್ಮನೆ ನಾಯಿ ಹೆಸರೇನು ಹೇಳು?’ ಮಗು ‘ಟಾಮಿ’ ಅಂದರೆ ‘ನೀನು ನಮ್ಮನೆಗೆ ಬಂದೇ ಇಲ್ವಲ್ಲ, ಹಾಗಿದ್ದಾಗ ಗೊತ್ತಿಲ್ಲ ಅನ್ನಬಹುದು’ ಎಂದು ತಿದ್ದಬೇಕು. ‘ನಾನು ತಪ್ಪು ಹೇಳಿದರೆ ತಿದ್ದು’ ಎಂದು ಹೇಳಿ, 5 ವರ್ಷದ ಮಗುವಿಗೆ ‘ನಿನಗೀಗ ಎರಡು ವರ್ಷ’ ಅನ್ನಬೇಕು. ಮಗು ನಕ್ಕು ತಿದ್ದಿದರೆ ದೊಡ್ಡವರನ್ನು ತಿದ್ದಬಹುದು ಎಂಬ ಅನುಮತಿ ಅದಕ್ಕೆ ಸಿಕ್ಕಿತು. ನಮ್ಮಲ್ಲಿ ಈ ಅನುಮತಿ ಬೇರೆಲ್ಲೂ ಸಿಗುವುದಿಲ್ಲವಾದ್ದರಿಂದ ಈ ಹೆಜ್ಜೆಯನ್ನು ಹಾರಿಸಲೇಬಾರದು. ‘ನಾನು ಅಲ್ಲಿರಲಿಲ್ಲ, ಅಲ್ಲಿ ಏನಾಯ್ತು ಅಂತ ನನಗೆ ಗೊತ್ತಿಲ್ಲ’ ಎಂದೂ ಬಾಯಿಬಿಟ್ಟು ಹೇಳಬೇಕು. ಅಮ್ಮನಿಗೆ, ಪೊಲೀಸ್ ಮೇಡಂಗೆ ಎಲ್ಲ ಗೊತ್ತು ಎಂದೇ ಪುಟ್ಟ ಮಕ್ಕಳು ಭಾವಿಸಿರುತ್ತಾರೆ.

ಆಮೇಲೆ ಅಭ್ಯಾಸ. ಮೊನ್ನೆಯ ಹಬ್ಬವೋ ಹುಟ್ಟುಹಬ್ಬವೋ, ‘ಬೆಳಿಗ್ಗೆ ಎದ್ದಾಗಿನಿಂದ ಏನೇನಾಯ್ತು, ಎಲ್ಲಾ ಹೇಳು’ ಎಂದು ಬಿಡಿಸಿ ಹೇಳಿಸಬೇಕು. ಇದನ್ನು ಕಾಲಹರಣ ಎಂದುಕೊಂಡವರೇ ಹೆಚ್ಚು. ಕ್ಯಾಥ್ಲೀನ್ ಸ್ಟರ್ನ್‌ಬರ್ಗ್ ಮತ್ತಿತರರ 1997ರ ಅಧ್ಯಯನದಲ್ಲಿ ಹೀಗೆ ತೆರೆದ ಪ್ರಶ್ನೆಗಳಿಂದ ಮಾತು ಶುರುಮಾಡಿದ ಮಕ್ಕಳು ಮುಖ್ಯ ವಿಷಯದ ಮೊದಲ ಪ್ರಶ್ನೆಗೆ ಕೊಟ್ಟ ವಿವರ, ಹೌದು-ಇಲ್ಲ ಪ್ರಶ್ನೆಗಳಿಂದ ಶುರುಮಾಡಿದವರದ್ದಕ್ಕಿಂತ ಎರಡೂವರೆ ಪಟ್ಟು ಇತ್ತು.

ಮುಖ್ಯ ಭಾಗದಲ್ಲಿ ಬೇಕಾದದ್ದು ನಾಲ್ಕೇ ವಾಕ್ಯ. ‘ಏನಾಯ್ತು ಹೇಳು.’ ‘ಆಮೇಲೆ?’ ‘ಅದರ ಬಗ್ಗೆ ಇನ್ನೂ ಹೇಳು.’ ‘ಕೋಲು ಅಂದೆಯಲ್ಲ, ಆ ಕೋಲಿನ ಬಗ್ಗೆ ಎಲ್ಲಾ ಹೇಳು.’ ನಾಲ್ಕನೆಯದರಲ್ಲಿ ಮಗು ಆಡಿದ ಪದವನ್ನೇ ಹಿಡಿಯಬೇಕು, ನಮ್ಮದನ್ನು ತೂರಿಸಬಾರದು. ಅದು ‘ಕಡ್ಡಿ’ ಎಂದಿದ್ದರೆ ಕಡ್ಡಿಯೇ, ಬೆತ್ತ ಆಗಬಾರದು. ಪ್ರತಿ ಪ್ರಶ್ನೆಯ ನಂತರ ಮನಸ್ಸಿನಲ್ಲೇ ಹತ್ತು ಎಣಿಸಿ. ಆ ಮೌನ ನಮಗೆ ಅಸಹನೀಯವಾಗುತ್ತದೆ, ಮಗುವಿಗೆ ಅದು ನೆನಪು ಹುಡುಕುವ ಸಮಯ. ಸಂದರ್ಶನಗಳು ಹಾಳಾಗುವುದು ಬಹುತೇಕ ಇಲ್ಲಿಯೇ: ಮಗು ನಾಲ್ಕು ಮಾತಾಡಿ ನಿಂತಿತು ಎಂದು ಕೇಳುವವರು ಕೂಡಲೇ ಹೌದು-ಇಲ್ಲಕ್ಕೆ ಜಾರುತ್ತಾರೆ. 2003ರಲ್ಲಿ ಲ್ಯಾಂಬ್ ತಂಡ 4ರಿಂದ 8 ವರ್ಷದ 130 ಮಕ್ಕಳ ನಿಜ ಪ್ರಕರಣಗಳ ಸಂದರ್ಶನಗಳನ್ನು ಪರಿಶೀಲಿಸಿದಾಗ, ಒಟ್ಟು ಮಾಹಿತಿಯ ಅರ್ಧದಷ್ಟು ಇಂಥ ತೆರೆದ ಪ್ರಶ್ನೆಗಳಿಗೇ ಬಂದಿತ್ತು. ದೊಡ್ಡ ಮಕ್ಕಳು ಹೆಚ್ಚು ವಿವರ ಕೊಟ್ಟರು, ನಿಜ. ಆದರೆ 4 ವರ್ಷದವರಿಗೆ ತೆರೆದ ಪ್ರಶ್ನೆ ಅರ್ಥವಾಗುವುದಿಲ್ಲ ಎಂಬ ನಂಬಿಕೆ ಅಲ್ಲಿಗೆ ಬಿತ್ತು.

ಈಗ ಇದರ ಇನ್ನೊಂದು ಮಗ್ಗುಲು. ತೆರೆದ ಪ್ರಶ್ನೆ ಮಾತ್ರ ಕೇಳಿದರೆ ಕೆಲವು ನಿಜಗಳು ಹೊರಬರುವುದೇ ಇಲ್ಲ. ಕ್ಯಾರೆನ್ ಸೇವಿಟ್ಜ್ ತಂಡ 1991ರಲ್ಲಿ 5 ಮತ್ತು 7 ವರ್ಷದ 72 ಹುಡುಗಿಯರ ವೈದ್ಯಕೀಯ ತಪಾಸಣೆಯ ನೆನಪನ್ನು ಅಧ್ಯಯನ ಮಾಡಿತು. 36 ಮಂದಿಗೆ ತಪಾಸಣೆಯ ಭಾಗವಾಗಿ ವೈದ್ಯರು ಗುಪ್ತಾಂಗವನ್ನು ಮುಟ್ಟಿ ಪರೀಕ್ಷಿಸಿದ್ದರು. ‘ಏನಾಯ್ತು ಹೇಳು’ ಎಂದಾಗ 28 ಮಂದಿ ಅದನ್ನು ಹೇಳಲೇ ಇಲ್ಲ. ನೇರವಾಗಿ ಕೇಳಿದಾಗ ಹೆಚ್ಚಿನವರು ಹೌದೆಂದರು. ನಾಚಿಕೆ, ‘ಅದನ್ನೆಲ್ಲ ಮಾತಾಡಬಾರದು’ ಎಂಬ ಪಾಠ, ಬೆದರಿಕೆ ಇವೆಲ್ಲ ನಿಜವಾದ ಪ್ರಕರಣಗಳಲ್ಲಿ ಇನ್ನೂ ಗಟ್ಟಿಯಾಗಿರುತ್ತವೆ. ಅದಕ್ಕೆ ನೇರ ಪ್ರಶ್ನೆಯನ್ನು ನಿಷೇಧಿಸಿಲ್ಲ, ಕೊನೆಗೆ ಇಟ್ಟಿದ್ದಾರೆ. ಅದೂ ಒಂದೇ ಸಲ. ಮಗು ಹೌದೆಂದರೆ ಕೂಡಲೇ ತೆರೆದ ದಾರಿಗೆ ಮರಳಬೇಕು: ‘ಅದರ ಬಗ್ಗೆ ಎಲ್ಲಾ ಹೇಳು’. ನಿಜವಾಗಿ ಅನುಭವಿಸಿದ ಮಗು ಆಗ ತನ್ನದೇ ವಿವರ ಕೊಡಬಲ್ಲದು. ಬರೀ ‘ಹೌದು’ ಒಂದಕ್ಕೇ ನಿಂತ ಉತ್ತರವನ್ನು ಅಷ್ಟಕ್ಕೇ ತೂಗಬೇಕು.

ಗೊಂಬೆ ಕೊಟ್ಟು ‘ಎಲ್ಲಿ ಮುಟ್ಟಿದ್ರು ತೋರಿಸು’ ಎನ್ನುವ ಪದ್ಧತಿಯ ಬಗ್ಗೆ ಒಂದು ಮಾತು. ಗುಪ್ತಾಂಗಗಳನ್ನೂ ತೋರಿಸುವ ಗೊಂಬೆ ಬಳಸಿದಾಗ 3 ವರ್ಷದ ಮಕ್ಕಳ ತಪ್ಪುಗಳು ಹೆಚ್ಚುತ್ತವೆ ಎಂದು ಮ್ಯಾಗಿ ಬ್ರಕ್ ಮತ್ತು ಸೆಸಿ ಅವರ ಕೆಲಸ ತೋರಿಸಿದೆ. ಗೊಂಬೆ ತನ್ನನ್ನು ಸೂಚಿಸುತ್ತದೆ ಎಂದು ಆ ವಯಸ್ಸಿಗೆ ಸರಿಯಾಗಿ ಹೊಳೆಯುವುದಿಲ್ಲ; ಮುಂದೆ ಇರುವುದು ಆಟದ ಸಾಮಾನು, ಬೆರಳು ಹಾಕಿ ನೋಡುವುದು ಆಟ.

ನಮ್ಮ ಕಾನೂನಿನಲ್ಲಿ

ಭಾರತದಲ್ಲಿ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆ ಈ ತಿಳಿವಳಿಕೆಯ ಒಂದು ಭಾಗವನ್ನು ಒಳಗೊಂಡಿದೆ. 24ನೇ ಕಲಂ ಪ್ರಕಾರ ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲಿ ಅಥವಾ ಅದು ಬಯಸಿದ ಜಾಗದಲ್ಲಿ ಪಡೆಯಬೇಕು. ಸಾಧ್ಯವಾದಷ್ಟೂ ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಮಹಿಳಾ ಅಧಿಕಾರಿಯೇ ಪಡೆಯಬೇಕು, ಸಮವಸ್ತ್ರದಲ್ಲಿ ಇರಬಾರದು. 33ನೇ ಕಲಂ ಪ್ರಕಾರ ವಕೀಲರು ಪ್ರಶ್ನೆಗಳನ್ನು ವಿಶೇಷ ನ್ಯಾಯಾಲಯಕ್ಕೆ ಕೊಡುತ್ತಾರೆ, ಮಗುವಿಗೆ ಕೇಳುವವರು ನ್ಯಾಯಾಧೀಶರು. ಸಾಕ್ಷಿ ಹೇಳಲು ಮಗುವನ್ನು ಮೇಲಿಂದ ಮೇಲೆ ಕರೆಸಬಾರದು. ಪಾಟೀಸವಾಲಿನ ಪ್ರಶ್ನೆಗಳನ್ನು ಬರೆದು ನ್ಯಾಯಾಧೀಶರ ಮೂಲಕ ಕೇಳಬೇಕೆಂಬ ವಿಚಾರ ‘ಸಾಕ್ಷಿ’ ಎಂಬ ಸಂಸ್ಥೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2004ರಲ್ಲಿ ಕೊಟ್ಟ ತೀರ್ಪಿನಲ್ಲೇ ಬಂದಿತ್ತು. ಬೆಂಗಳೂರಿನ ನಿಮ್ಹಾನ್ಸ್‌ನ ಮಕ್ಕಳ ಮತ್ತು ಹದಿಹರೆಯದವರ ಮನೋವೈದ್ಯಕೀಯ ವಿಭಾಗ ಈ ಕ್ಷೇತ್ರದಲ್ಲಿ ತರಬೇತಿಯ ಕೆಲಸ ಮಾಡುತ್ತಿದೆ.

ಆದರೂ ಒಂದು ದೊಡ್ಡ ಬಿರುಕು ಉಳಿದಿದೆ. ಪಾಟೀಸವಾಲಿನಲ್ಲಿ ಉತ್ತರ ಸೂಚಿಸುವ ಪ್ರಶ್ನೆಗೆ ನಮ್ಮ ಸಾಕ್ಷ್ಯ ಕಾನೂನು ಅವಕಾಶ ಕೊಡುತ್ತದೆ. ‘ನಿನಗೆ ಅಮ್ಮ ಹೇಳಿಕೊಟ್ಟರು, ಅಲ್ಲವಾ?’ ಎಂದು ಕೇಳಿದರೆ 5 ವರ್ಷದ ಮಗು ಹೌದೆನ್ನಬಹುದು. ಹಾಲು ನೀರಿಗಿಂತ ದೊಡ್ಡದು ಎಂದ ಅದೇ ಮಗು. ಪ್ರಶ್ನೆ ನ್ಯಾಯಾಧೀಶರ ಬಾಯಿಂದ ಬಂದರೂ ಅದರ ರೂಪ ಬದಲಾಗದಿದ್ದರೆ ಪರಿಣಾಮ ಅದೇ. ಬೆಳೆದವರ ಸುಳ್ಳನ್ನು ಬಯಲಿಗೆಳೆಯಲು ರೂಪಿಸಿದ ಉಪಕರಣವನ್ನು ಮಗುವಿನ ಮೇಲೆ ಹಾಗೆಯೇ ಬಳಸುವುದು ತಪ್ಪು ಎಂದು ನಾನು ಖಚಿತವಾಗಿ ಹೇಳುತ್ತೇನೆ. ಕನಿಷ್ಠ 7 ವರ್ಷದ ಒಳಗಿನ ಮಕ್ಕಳಿಗಾದರೂ ‘ಅಲ್ಲವಾ’ ಪ್ರಶ್ನೆಗಳನ್ನು ನ್ಯಾಯಾಧೀಶರು ತೆರೆದ ಪ್ರಶ್ನೆಯಾಗಿ ತಿರುಗಿಸಿ ಕೇಳಬೇಕು.

ಇನ್ನೊಂದು ಬಿರುಕು ಬರವಣಿಗೆಯದ್ದು. ಮಗು ‘ಅಂಕಲ್ ಇಲ್ಲಿ ಗಿಂಡಿದ್ರು’ ಅನ್ನುತ್ತದೆ. ಕಾಗದದ ಮೇಲೆ ‘ಸದರಿ ಆರೋಪಿಯು ನನ್ನ ಮೇಲೆ ಹಲ್ಲೆ ನಡೆಸಿರುತ್ತಾರೆ’ ಎಂದಾಗುತ್ತದೆ. ಪ್ರಶ್ನೆ ಎಲ್ಲಿಯೂ ಇರುವುದಿಲ್ಲ, ಮಗು ತಾನಾಗಿ ಒಂದೇ ಉಸಿರಿಗೆ ಹೇಳಿದ ಹಾಗೆ ಓದಿಸುತ್ತದೆ. ಯಾವ ಪ್ರಶ್ನೆಗೆ ಯಾವ ಉತ್ತರ ಬಂತೆಂದು ತಿಳಿಯದೆ ಆ ಹೇಳಿಕೆಯ ಬೆಲೆ ಕಟ್ಟಲು ಯಾರಿಂದಲೂ ಆಗುವುದಿಲ್ಲ.

ಮತ್ತೆ ಮನೆಗೆ, ಬಾಸುಂಡೆಯ ಮುಂದೆ ನಿಂತ ಅಮ್ಮನ ಬಳಿಗೆ ಬರೋಣ. ಅವರು ತನಿಖೆ ಮಾಡಬೇಕಿಲ್ಲ, ಮಾಡಲೂಬಾರದು. ‘ಇದು ಹೇಗಾಯ್ತು ಪುಟ್ಟಾ?’ ಎಂದು ಒಮ್ಮೆ ಕೇಳಿ, ಕಾಯಬೇಕು. ಮಗು ಹೇಳಿದಷ್ಟನ್ನು ಕೇಳಿಸಿಕೊಂಡು, ‘ಹೇಳಿದ್ದು ಒಳ್ಳೆಯದಾಯ್ತು, ನಿನ್ನ ಮೇಲೆ ನನಗೆ ಕೋಪ ಇಲ್ಲ’ ಎಂದಷ್ಟೇ ಹೇಳಬೇಕು. ಅಪ್ಪ ಬಂದ ಮೇಲೆ ಒಮ್ಮೆ, ಅಜ್ಜಿ ಬಂದ ಮೇಲೆ ಒಮ್ಮೆ, ಫೋನ್‌ನಲ್ಲಿ ದೊಡ್ಡಮ್ಮನಿಗೆ ಒಮ್ಮೆ ಎಂದು ಹೇಳಿಸಬಾರದು. ಮೊಬೈಲ್ ಮುಖಕ್ಕೆ ಹಿಡಿದು ‘ಮತ್ತೆ ಹೇಳು’ ಎಂದು ವಿಡಿಯೊ ಮಾಡಬಾರದು; ಅಲ್ಲಿ ದಾಖಲಾಗುವುದು ಎರಡನೆಯ ಹೇಳಿಕೆ. ಗಂಭೀರ ವಿಷಯವೆನಿಸಿದರೆ ಮಕ್ಕಳ ಸಹಾಯವಾಣಿ 1098ಕ್ಕೆ ಅಥವಾ ಪೊಲೀಸರಿಗೆ ತಿಳಿಸಬೇಕು. ಲೈಂಗಿಕ ದೌರ್ಜನ್ಯದ ಅನುಮಾನವಿದ್ದರೆ ತಿಳಿಸುವುದು ಕಾನೂನಿನ ಹೊಣೆಯೂ ಹೌದು.

ಅಷ್ಟರೊಳಗೆ, ಮಗು ಆಟಕ್ಕೆ ಹೋದ ಮೇಲೆ, ಒಂದು ಕಾಗದ ತೆಗೆದುಕೊಂಡು ಬರೆದಿಡಬೇಕು. ತಾರೀಖು, ಗಂಟೆ, ಯಾರ್ಯಾರಿದ್ದರು, ಮಗು ಆಗ ಏನು ಮಾಡುತ್ತಿತ್ತು. ತಾವು ಕೇಳಿದ ಪ್ರಶ್ನೆ ಅಕ್ಷರಶಃ, ‘ಹೊಡೆದ್ರಾ’ ಎಂದೇ ಕೇಳಿಬಿಟ್ಟಿದ್ದರೆ ಅದನ್ನೂ ಮುಚ್ಚಿಡದೆ. ಮಗುವಿನ ಉತ್ತರ ಮಗುವಿನದೇ ಮಾತಿನಲ್ಲಿ: ‘ಗಿಂಡಿದ್ರು’ ಎಂದಿದ್ದರೆ ಗಿಂಡಿದ್ರು, ‘ಉಚ್ಚೆ ಜಾಗ’ ಎಂದಿದ್ದರೆ ಅದನ್ನೇ, ಸುಮ್ಮನಿದ್ದಿದ್ದರೆ ‘ಸುಮ್ಮನಿತ್ತು’ ಎಂದು, ‘ಅಂತೆ’ ಇದ್ದರೆ ‘ಅಂತೆ’ಯ ಸಮೇತ.